ಮುಂದಿನ ಒಂದು ಹಲ್ಲು ಬೂದು, ಪಕ್ಕದಲ್ಲಿ ಸಣ್ಣ ಸಂದು. ಅದಕ್ಕೆ ಎಂಟು ವೆನೀರ್ ಬೇಕಾ?

ಸಂಪಿಗೆ
ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಮೇಲಿನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಬೂದು ಬಣ್ಣಕ್ಕೆ ತಿರುಗಿದೆ. ಚಿಕ್ಕವಳಿದ್ದಾಗ ಬಿದ್ದು ಪೆಟ್ಟಾಗಿತ್ತು, ಕೆಲವು ವರ್ಷ ಬಿಟ್ಟು ಅದಕ್ಕೆ ರೂಟ್ ಕೆನಾಲ್ ಮಾಡಿದರು. ಎರಡು ಹಲ್ಲಿನ ನಡುವೆ ಸಣ್ಣ ಸಂದೂ ಇದೆ. ಉಳಿದವು ಗಟ್ಟಿ, ಹುಳುಕಿಲ್ಲ, ಬಣ್ಣ ಮಾತ್ರ ಸ್ವಲ್ಪ ಹಳದಿ. ಫೋಟೋ ತೆಗೆಯುತ್ತಾರೆ ಅಂದರೆ ನನ್ನ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನಗು ಬಂದರೆ ಕೈ ಬಾಯಿಗೆ ಹೋಗುತ್ತದೆ. ಈಗ 31 ವರ್ಷ, ಇನ್ನಾದರೂ ಸರಿ ಮಾಡಿಸೋಣ ಅಂತ ಹೋದ ವಾರ ಒಂದು ಕ್ಲಿನಿಕ್‌ಗೆ ಹೋದೆ.

ಅಲ್ಲಿ ಎಕ್ಸ್‌ರೇ ಕೂಡ ತೆಗೆಯಲಿಲ್ಲ. ಪರದೆ ಮೇಲೆ ನನ್ನ ಮುಖ ಹಾಕಿ, ಅದಕ್ಕೆ ಬೆಳ್ಳಗಿನ ಹಲ್ಲು ಕೂರಿಸಿ ತೋರಿಸಿದರು. ಮೇಲಿನ ಎಂಟು ಹಲ್ಲಿಗೂ ಪಿಂಗಾಣಿ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ) ಹಾಕೋಣ, ಎಲ್ಲಾ ಒಂದೇ ಬಣ್ಣಕ್ಕೆ ಬರುತ್ತದೆ, ಸಂದೂ ಮುಚ್ಚುತ್ತದೆ ಎಂದರು. ಹಲ್ಲು ತೇಯಬೇಕಾಗುತ್ತಾ ಅಂತ ಕೇಳಿದೆ. "ಸ್ವಲ್ಪವೇ" ಎಂದರು. ಆ ಸ್ವಲ್ಪ ಅಂದರೆ ಎಷ್ಟು ಅಂತ ಹೇಳಲಿಲ್ಲ. ಮನೆಗೆ ಬಂದ ಮೇಲೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಬ್ಲೀಚಿಂಗ್, ಬಾಂಡಿಂಗ್, ವೆನೀರ್, ಕ್ಯಾಪ್ ಇವುಗಳಲ್ಲಿ ಯಾವುದು ಯಾವಾಗ ಬೇಕು? ಮಾಡಿಸಿಕೊಂಡವರು, ಗೊತ್ತಿರುವವರು ದಯವಿಟ್ಟು ಹೇಳಿ.

ಕೋರೆಹಲ್ಲು
ಒಂದು ಹಲ್ಲಿನ ತೊಂದರೆಗೆ ಎಂಟು ಹಲ್ಲು ತೇಯುವುದಾ? ಬೇಡ. ಮೊದಲು ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಮೂರನೇ ಸಾಲು
ಇಲ್ಲಿ ವೆನೀರ್ ಅಂದ ಕೂಡಲೇ ಎಲ್ಲರೂ ಹೆದರಿಸುತ್ತಾರೆ, ಅದಕ್ಕೇ ನನ್ನ ಅನುಭವ ಬರೆಯುತ್ತಿದ್ದೇನೆ. ನನಗೆ ಮುಂದಿನ ಆರು ಹಲ್ಲಿಗೆ ವೆನೀರ್ ಇದೆ. ಹಾಕಿಸಿ ಎಷ್ಟೋ ವರ್ಷವಾಯಿತು. ಒಂದೂ ಬಿದ್ದಿಲ್ಲ, ಬಣ್ಣ ಹೋಗಿಲ್ಲ, ಹಲ್ಲು ಜುಂ ಅನ್ನುವುದಿಲ್ಲ. ನನ್ನ ಹಲ್ಲುಗಳ ತುದಿ ಸವೆದು ಚಿಕ್ಕದಾಗಿದ್ದವು, ಎಲ್ಲದರಲ್ಲೂ ಹಳೆಯ ಫಿಲ್ಲಿಂಗ್ ಇತ್ತು. ಅಂಥವರಿಗೆ ಬ್ಲೀಚಿಂಗ್‌ನಿಂದ ಏನೂ ಆಗುವುದಿಲ್ಲ. ವೆನೀರ್ ಕೆಟ್ಟದ್ದಲ್ಲ. ಯಾರಿಗೆ ಬೇಕೋ ಅವರಿಗೆ ಹಾಕಬೇಕು, ಅಷ್ಟೇ.

ಕೋರೆಹಲ್ಲು
ಮೂರನೇ ಸಾಲು ಅವರೇ, ನಿಮ್ಮ ಹಲ್ಲು ಸವೆದಿತ್ತು, ಫಿಲ್ಲಿಂಗ್ ಇತ್ತು. ಸಂಪಿಗೆ ಅವರದು ಗಟ್ಟಿ ಹಲ್ಲು. ಎರಡೂ ಒಂದೇ ಅಲ್ಲವಲ್ಲ.

ಹಲ್ಲಿನ ಡಾಕ್ಟರು
ನಾನು ದಂತವೈದ್ಯೆ. ಬಾಯಿ ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ, ಆದರೆ ಯಾವ ಕ್ರಮದಲ್ಲಿ ಯೋಚಿಸಬೇಕು ಅಂತ ಹೇಳಬಹುದು. ಯಾವ ಚಿಕಿತ್ಸೆಯಲ್ಲಿ ಹಲ್ಲು ಕಡಿಮೆ ಹೋಗುತ್ತದೋ ಅದು ಮೊದಲು. ಎನಾಮಲ್ ಅಂದರೆ ಹಲ್ಲಿನ ಗಟ್ಟಿ ಹೊರಪದರ, ಒಮ್ಮೆ ಹೋದರೆ ವಾಪಸ್ ಬೆಳೆಯುವುದಿಲ್ಲ.

ಸಂಪಿಗೆ ಅವರೇ, ಬೂದು ಹಲ್ಲಿಗೆ ಮೊದಲು ಎಕ್ಸ್‌ರೇ ಬೇಕೇ ಬೇಕು. ರೂಟ್ ಕೆನಾಲ್ ಸರಿಯಾಗಿ ತುಂಬಿದೆಯಾ, ಬೇರಿನ ತುದಿಯಲ್ಲಿ ಸೋಂಕು ಇದೆಯಾ, ಬೇರು ಕರಗುತ್ತಿದೆಯಾ ಅಂತ ನೋಡಬೇಕು. ಎಲ್ಲಾ ಸರಿ ಇದ್ದರೆ ಒಳಗಿನಿಂದ ಬ್ಲೀಚಿಂಗ್ ಮಾಡಬಹುದು. ಹಲ್ಲಿನ ಹಿಂಭಾಗದಲ್ಲಿ ಹಳೆಯ ರೂಟ್ ಕೆನಾಲ್‌ನ ರಂಧ್ರ ಇರುತ್ತದೆ, ಅದನ್ನೇ ತೆರೆಯುತ್ತೇವೆ. ಒಳಗೆ ಉಳಿದ ಹಳೆಯ ಸಿಮೆಂಟು, ಕಲೆ ಎಲ್ಲಾ ಕೆರೆದು ತೆಗೆದು, ಬೇರಿನ ಬಾಯಿಗೆ ಒಂದು ಪದರ ಸಿಮೆಂಟ್ ಹಾಕಿ ಬಂದ್ ಮಾಡುತ್ತೇವೆ. ಆಮೇಲೆ ಸೋಡಿಯಂ ಪರ್ಬೋರೇಟ್ ಪುಡಿಯನ್ನು ನೀರಲ್ಲಿ ಕಲಸಿ ಒಳಗಿಟ್ಟು ತಾತ್ಕಾಲಿಕವಾಗಿ ಮುಚ್ಚಿ ಮನೆಗೆ ಕಳಿಸುತ್ತೇವೆ. ಕೆಲವು ದಿನ ಬಿಟ್ಟು ಬಂದರೆ ಬಣ್ಣ ನೋಡಿ, ಬೇಕಿದ್ದರೆ ಮತ್ತೆ ಬದಲಿಸುತ್ತೇವೆ. ಹಲ್ಲು ಹೊರಗಿನಿಂದ ಒಂದಿಷ್ಟೂ ತೇಯುವುದಿಲ್ಲ.

ಅಪಾಯವೂ ಹೇಳಬೇಕು. ಅಪರೂಪಕ್ಕೆ ವಸಡಿನ ಅಂಚಿನ ಹತ್ತಿರ ಬೇರು ಕರಗಲು ಶುರುವಾಗಬಹುದು. ಹಿಂದೆ ತೀಕ್ಷ್ಣ ಪೆರಾಕ್ಸೈಡ್ ಹಾಕಿ ಬಿಸಿ ಕೊಡುತ್ತಿದ್ದರು, ಆಗ ಇದು ಜಾಸ್ತಿ ಕಾಣುತ್ತಿತ್ತು. ಚಿಕ್ಕ ವಯಸ್ಸಲ್ಲಿ ಪೆಟ್ಟು ಬಿದ್ದ ಹಲ್ಲಿನಲ್ಲಿ ಇನ್ನೂ ಎಚ್ಚರ ಬೇಕು. ಅದಕ್ಕೇ ಆ ಸಿಮೆಂಟ್ ಪದರ, ಅದಕ್ಕೇ ವರ್ಷಕ್ಕೊಮ್ಮೆ ಎಕ್ಸ್‌ರೇ. ಕೆಲವರಿಗೆ ವರ್ಷಗಳು ಕಳೆದ ಮೇಲೆ ಬಣ್ಣ ಸ್ವಲ್ಪ ಮರಳುತ್ತದೆ, ಆಗ ಮತ್ತೆ ಮಾಡಬಹುದು.

ಉಳಿದ ಹಲ್ಲಿನ ಹಳದಿಗೆ ಮೊದಲು ಕ್ಲೀನಿಂಗ್, ಆಮೇಲೆ ಟ್ರೇ ಬ್ಲೀಚಿಂಗ್. ಸಂದಿಗೆ ಬಾಂಡಿಂಗ್, ಅಂದರೆ ಹಲ್ಲಿನ ಬಣ್ಣದ ರೆಸಿನ್ (ಕಾಂಪೊಸಿಟ್) ಅಂಟಿಸಿ ಗಟ್ಟಿ ಮಾಡುವುದು. ಇಷ್ಟು ಮಾಡಿದ ಮೇಲೂ ಮನಸ್ಸಿಗೆ ಸಮಾಧಾನ ಆಗದಿದ್ದರೆ ಆ ಒಂದು ಹಲ್ಲಿಗೋ ಎರಡಕ್ಕೋ ವೆನೀರ್ ಯೋಚಿಸಬಹುದು. ಮೊದಲ ದಿನವೇ ಎಂಟಕ್ಕೆ ಕೈ ಹಾಕುವ ಅಗತ್ಯ ನನಗೆ ಕಾಣುತ್ತಿಲ್ಲ.

ಸಂಪಿಗೆ
ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಒಳಗಿನಿಂದ ಬ್ಲೀಚ್ ಮಾಡಬಹುದು ಅಂತ ನನಗೆ ಯಾರೂ ಹೇಳಿಯೇ ಇರಲಿಲ್ಲ. ಟ್ರೇ ಅಂದರೆ ಏನು? ಕ್ಲಿನಿಕ್‌ನಲ್ಲಿ ನೀಲಿ ಲೈಟ್ ಹಾಕಿ ಮಾಡುತ್ತಾರಲ್ಲ, ಅದು ಉತ್ತಮವಾ?

ಗರಗಸ
ಇಷ್ಟೆಲ್ಲಾ ಯಾಕೆ? ಇದ್ದಿಲು ಪುಡಿ ಹಾಕಿ ಉಜ್ಜಿ, ವಾರಕ್ಕೊಮ್ಮೆ ನಿಂಬೆರಸ, ಅಡುಗೆ ಸೋಡಾ. ನನ್ನ ಹಲ್ಲು ಬೆಳ್ಳಗಿದೆ. ಕೆಮಿಕಲ್ ಹಾಕಿಸಿಕೊಂಡು ಹಲ್ಲು ಹಾಳು ಮಾಡಿಕೊಳ್ಳಬೇಡಿ.

ಬೆಳ್ಳಿಗೆರೆ
ಗರಗಸ ಅವರೇ, ನಿಂಬೆರಸವೂ ಕೆಮಿಕಲ್ಲೇ. ಅದರ ಪಿಎಚ್ 2ರ ಆಸುಪಾಸು (ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಎನಾಮಲ್ ಕರಗಲು ಶುರುವಾಗುತ್ತದೆ. ಹುಳಿಯಲ್ಲಿ ಮೆತ್ತಗಾದ ಹಲ್ಲಿನ ಮೇಲೆ ಇದ್ದಿಲು ಹಾಕಿ ಉಜ್ಜಿದರೆ ಮೇಲ್ಪದರ ಸವೆದು ಹೋಗುತ್ತದೆ. ಮೊದಲು ಬೆಳ್ಳಗೆ ಕಾಣುವುದು ನಿಜ, ಮೇಲಿನ ಕಲೆ ಹೋಗಿರುತ್ತದೆ. ಆದರೆ ಎನಾಮಲ್ ತೆಳುವಾದಷ್ಟೂ ಒಳಗಿನ ಡೆಂಟಿನ್ ಕಾಣುತ್ತದೆ. ಡೆಂಟಿನ್ ಬಣ್ಣವೇ ಹಳದಿ. ಅಂದರೆ ಬೆಳ್ಳಗೆ ಮಾಡಲು ಹೋಗಿ ಇನ್ನೂ ಹಳದಿ ಆಗುತ್ತದೆ.

ಗರಗಸ
ಅಡುಗೆ ಸೋಡಾ ಎಷ್ಟೋ ಟೂತ್‌ಪೇಸ್ಟ್‌ನಲ್ಲೇ ಇರುತ್ತದಲ್ಲ?

ಹಲ್ಲಿನ ಡಾಕ್ಟರು
ಸೋಡಾದ ಮಟ್ಟಿಗೆ ಗರಗಸ ಅವರು ಹೇಳಿದ್ದು ಸರಿ. ಅದು ಅಷ್ಟೇನೂ ಒರಟಲ್ಲ, ಹುಳಿಯೂ ಅಲ್ಲ. ತೊಂದರೆ ಇರುವುದು ಇದ್ದಿಲಿನ ಒರಟು ಪುಡಿ ಮತ್ತು ನಿಂಬೆಯಲ್ಲಿ. ಇದ್ದಿಲ ಕಣ ವಸಡಿನ ಅಂಚಿನಲ್ಲಿ, ಫಿಲ್ಲಿಂಗ್ ಅಂಚಿನಲ್ಲಿ ಸೇರಿಕೊಂಡು ಕಪ್ಪು ಗೆರೆ ಕಾಣುವುದೂ ಉಂಟು. ಹುಳಿ ಏನಾದರೂ ತಿಂದರೆ, ಕುಡಿದರೆ ನೀರಲ್ಲಿ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡಿ.

ಸಂಪಿಗೆ ಅವರ ಪ್ರಶ್ನೆಗೆ ಬರುತ್ತೇನೆ. ಹಲ್ಲಿನ ಅಚ್ಚು ತೆಗೆದು ಅದಕ್ಕೆ ಸರಿಯಾಗಿ ಕೂರುವ ತೆಳುವಾದ ಪ್ಲಾಸ್ಟಿಕ್ ಟ್ರೇ ಮಾಡುತ್ತೇವೆ. ಅದರೊಳಗೆ ಪ್ರತಿ ಹಲ್ಲಿನ ಜಾಗಕ್ಕೆ ಒಂದೊಂದು ಚಿಕ್ಕ ಹನಿ ಜೆಲ್ ಹಾಕಿ ರಾತ್ರಿ ಹಾಕಿಕೊಂಡು ಮಲಗುವುದು. ಸಾಮಾನ್ಯವಾಗಿ 10% ಕಾರ್ಬಮೈಡ್ ಪೆರಾಕ್ಸೈಡ್ ಕೊಡುತ್ತೇವೆ, ಅದು ಒಡೆದಾಗ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ಇಬ್ಬರು ದಂತವೈದ್ಯರು ಈ ವಿಧಾನ ಪ್ರಕಟಿಸಿದರು. ಹೆಚ್ಚಿನವರಿಗೆ ಎರಡು ವಾರದ ಹೊತ್ತಿಗೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಕ್ಲಿನಿಕ್‌ನಲ್ಲಿ ಮಾಡುವಾಗ 25ರಿಂದ 40% ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ, ವಸಡು ಸುಡದಂತೆ ಮೊದಲು ಮುಚ್ಚುತ್ತಾರೆ. ಬೇಗ ಆಗುತ್ತದೆ. ಲೈಟ್‌ನಿಂದ ಹೆಚ್ಚಿನ ಲಾಭ ಇಲ್ಲ, ಕೆಲಸ ಮಾಡುವುದು ಜೆಲ್. ಇನ್ನೊಂದು ವಿಷಯ. ಕುರ್ಚಿಯಿಂದ ಏಳುವಾಗ ಹಲ್ಲು ಒಣಗಿರುತ್ತದೆ, ಒಣಗಿದ ಹಲ್ಲು ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಒಂದೆರಡು ದಿನದಲ್ಲಿ ಸ್ವಲ್ಪ ಇಳಿಯುತ್ತದೆ. ಅದು ನೋಡಿ ಮೋಸ ಹೋದೆವು ಅಂತ ಬೇಜಾರು ಮಾಡಿಕೊಳ್ಳುವವರು ಬಹಳ ಜನ. ಮೊದಲೇ ಹೇಳಿದರೆ ಆ ಬೇಜಾರು ಇರುವುದಿಲ್ಲ.

ಮೂರನೇ ಸಾಲು
ಬ್ಲೀಚಿಂಗ್ ಮಾಡಿದರೆ ಹಲ್ಲು ಜುಂ ಅನ್ನುತ್ತದೆ, ಅದನ್ನೂ ಹೇಳಿ.

ಹಲ್ಲಿನ ಡಾಕ್ಟರು
ಅನ್ನುತ್ತದೆ, ಹೌದು. ತಣ್ಣಗಿನದು ತಾಗಿದರೆ ಜಾಸ್ತಿ. ಹೆಚ್ಚಿನವರಿಗೆ ನಿಲ್ಲಿಸಿದ ಕೆಲವು ದಿನದಲ್ಲಿ ಹೋಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಒಂದೆರಡು ವಾರ ಮುಂಚಿನಿಂದ ಬಳಸಿದರೆ ಕಡಿಮೆಯಾಗುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಟ್ರೇ ಹಾಕಿದರೂ ಆಗುತ್ತದೆ, ಅವಸರ ಇಲ್ಲ. ಹುಳುಕು ಇದ್ದರೆ, ವಸಡು ಇಳಿದು ಬೇರು ಕಾಣುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಬಸುರಿಯರಿಗೆ ಮುಂದೂಡಲು ಹೇಳುತ್ತೇವೆ.

ಲ್ಯಾಬ್ ಬೆಂಚು
ನಾನು ಡೆಂಟಲ್ ಲ್ಯಾಬ್‌ನಲ್ಲಿ ಪಿಂಗಾಣಿ ಕೆಲಸ ಮಾಡುವವನು. ನೀವು ನೋಡದ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಹಲ್ಲು ಒಂದೇ ಬಣ್ಣದ್ದಲ್ಲ. ವಸಡಿನ ಹತ್ತಿರ ಗಾಢ, ನಡುವೆ ತಿಳಿ, ತುದಿಯಲ್ಲಿ ಬೆಳಕು ಹಾಯುವಂತೆ ಸ್ವಲ್ಪ ನೀಲಿ ಛಾಯೆ. ಮೇಲ್ಮೈಯಲ್ಲಿ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ನಾವು ಪಿಂಗಾಣಿ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಹಚ್ಚಿ ಸುಡುವುದು ಇದನ್ನೆಲ್ಲಾ ತರಲು. ಅರ್ಧ ಮಿಲಿಮೀಟರ್ ದಪ್ಪದೊಳಗೆ ಇಷ್ಟೂ ಬರಬೇಕು. "ಅತಿ ಬಿಳಿ ಮಾಡಿ, ಎಲ್ಲಾ ಒಂದೇ ಥರ ಮಾಡಿ" ಅಂತ ಚೀಟಿ ಬಂದರೆ ಆ ಕೆಲಸವೇ ಇಲ್ಲ. ಬೇಗ ಮುಗಿಯುತ್ತದೆ, ಆದರೆ ದೂರದಿಂದಲೇ ಹಾಕಿಸಿದ ಹಲ್ಲು ಅಂತ ಗೊತ್ತಾಗುತ್ತದೆ.

ಈಗ ಸಂಪಿಗೆ ಅವರ ಬೂದು ಹಲ್ಲು. ಅದರ ಮೇಲೆ ತೆಳು ವೆನೀರ್ ಇಟ್ಟರೆ ಒಳಗಿನ ಬೂದು ಹಾಯ್ದು ಕಾಣುತ್ತದೆ. ಮುಚ್ಚಬೇಕು ಅಂದರೆ ಬೆಳಕು ಹಾಯದ ಪಿಂಗಾಣಿ ಹಾಕಬೇಕು, ಅದಕ್ಕೆ ದಪ್ಪ ಬೇಕು, ದಪ್ಪಕ್ಕೆ ಹಲ್ಲು ಇನ್ನೂ ತೇಯಬೇಕು. ಅಷ್ಟು ಮಾಡಿದರೂ ಪಕ್ಕದ ಹಲ್ಲಿನ ಜೀವಕಳೆ ಬರುವುದಿಲ್ಲ. ಅದಕ್ಕೇ ಎಂಟೂ ಹಾಕೋಣ, ಎಲ್ಲಾ ಒಂದೇ ಥರ ಕಾಣಲಿ ಅಂತ ಹೊರಡುವುದು. ಒಳಗಿನಿಂದ ಬ್ಲೀಚ್ ಆಗಿ ಬಂದರೆ ಮುಂದೆ ವೆನೀರ್ ಬೇಕಾದರೂ ನನ್ನ ಕೆಲಸ ಎಷ್ಟೋ ಹಗುರ.

ಬಣ್ಣ ಆರಿಸುವ ವಿಷಯ: ಶೇಡ್ ಗೈಡ್‌ನಲ್ಲಿ ಎ1ರಿಂದ ಡಿ4ರವರೆಗೆ 16 ಬಣ್ಣದ ತುಂಡುಗಳಿರುತ್ತವೆ. ಅದನ್ನು ಹಲ್ಲಿಗೆ ಹಿಡಿದು ನೋಡುವುದು ಚಿಕಿತ್ಸೆ ಶುರುವಾಗುವ ಮೊದಲೇ ಆಗಬೇಕು, ಹಲ್ಲು ಒದ್ದೆ ಇರುವಾಗ, ಹಗಲು ಬೆಳಕಲ್ಲಿ, ಲಿಪ್‌ಸ್ಟಿಕ್ ಒರೆಸಿ. ಅರ್ಧ ಗಂಟೆ ಬಾಯಿ ತೆರೆದು ಒಣಗಿದ ಮೇಲೆ ತೆಗೆದ ಶೇಡ್ ನಮಗೆ ಬಂದರೆ ನಾವು ಮಾಡಿ ಕಳಿಸುವುದೂ ತಪ್ಪೇ ಆಗುತ್ತದೆ.

ಸಂಪಿಗೆ
ಇದು ಓದಿ ಈಗ ಅರ್ಥವಾಯಿತು, ಎಂಟು ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ! ಲ್ಯಾಬ್ ಬೆಂಚು ಸರ್, ಹಾಗಾದರೆ ವೆನೀರ್‌ಗೆ ಎಷ್ಟು ತೇಯುತ್ತಾರೆ? ಕ್ಯಾಪ್‌ಗೂ ಇದಕ್ಕೂ ಏನು ವ್ಯತ್ಯಾಸ?

ಲ್ಯಾಬ್ ಬೆಂಚು
ನಮಗೆ ಬರುವ ಅಚ್ಚಿನಲ್ಲೇ ಗೊತ್ತಾಗುತ್ತದೆ. ವೆನೀರ್ ಅಂದರೆ ಹಲ್ಲಿನ ಮುಂಭಾಗದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು, ತುದಿಯಲ್ಲಿ ಸ್ವಲ್ಪ ಜಾಸ್ತಿ. ಹಿಂಭಾಗ ಹಾಗೇ ಇರುತ್ತದೆ. ಕ್ಯಾಪ್ ಅಂದರೆ ಸುತ್ತಲೂ ತೇಯುವುದು, ಉಳಿಯುವುದು ನಡುವಿನ ಒಂದು ಗೂಟ.

ಹಲ್ಲಿನ ಡಾಕ್ಟರು
2002ರಲ್ಲಿ ಈಡೆಲ್‌ಹಾಫ್ ಮತ್ತು ಸೋರೆನ್‌ಸನ್ ಇದನ್ನು ತೂಕ ಮಾಡಿಯೇ ನೋಡಿದ್ದರು. ಮುಂದಿನ ಹಲ್ಲುಗಳಲ್ಲಿ ವೆನೀರ್ ಥರದ ಕೆಲಸಕ್ಕೆ ವಸಡಿನಿಂದ ಹೊರಗೆ ಕಾಣುವ ಹಲ್ಲಿನ 3ರಿಂದ 30% ಹೋಗುತ್ತದೆ. ಪೂರ್ತಿ ಕ್ಯಾಪ್‌ಗೆ 63ರಿಂದ 72%. ದೊಡ್ಡ ವ್ಯತ್ಯಾಸ ಅಲ್ವಾ? ವೆನೀರ್ ಅಂತ ಹೇಳಿ ಗಟ್ಟಿ ಹಲ್ಲುಗಳನ್ನೆಲ್ಲಾ ಗೂಟ ಮಾಡಿ ಕ್ಯಾಪ್ ಕೂರಿಸಿ ಕಳಿಸುವ ಕಡೆಗಳೂ ಇವೆ. ಅಷ್ಟು ತೇಯ್ದರೆ ನರಕ್ಕೆ ಪೆಟ್ಟಾಗಿ ಕೆಲವು ಹಲ್ಲಿಗೆ ಮುಂದೆ ರೂಟ್ ಕೆನಾಲ್ ಬೇಕಾಗುತ್ತದೆ. ಅದಕ್ಕೇ ಬಾಯಲ್ಲಿ "ವೆನೀರ್" ಅಂದರೆ ಸಾಲದು, ಚಿಕಿತ್ಸೆಯ ಕಾಗದದಲ್ಲಿ ಯಾವ ಹಲ್ಲಿಗೆ ವೆನೀರ್, ಯಾವ ಹಲ್ಲಿಗೆ ಕ್ಯಾಪ್ ಅಂತ ಬರೆಸಿಕೊಳ್ಳಿ.

ಇನ್ನೊಂದು ಕಾರಣವೂ ಇದೆ. ಪಿಂಗಾಣಿ ಎನಾಮಲ್‌ಗೆ ಅಂಟಿದಷ್ಟು ಚೆನ್ನಾಗಿ ಡೆಂಟಿನ್‌ಗೆ ಅಂಟುವುದಿಲ್ಲ. 1955ರಲ್ಲಿ ಮೈಕಲ್ ಬ್ಯುನೊಕೋರ್ ಎನಾಮಲ್ ಮೇಲೆ ಫಾಸ್ಫಾರಿಕ್ ಆಸಿಡ್ ಹಚ್ಚಿ ತೊಳೆದರೆ ಕಣ್ಣಿಗೆ ಕಾಣದ ಗುಳಿಗಳಾಗಿ ರೆಸಿನ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಅಂತ ತೋರಿಸಿದರು. ಇವತ್ತಿನ ಬಾಂಡಿಂಗ್, ವೆನೀರ್ ಎಲ್ಲಾ ನಿಂತಿರುವುದು ಅದರ ಮೇಲೆ. ಎನಾಮಲ್ ಉಳಿಸಿ ಹಾಕಿದ ಪಿಂಗಾಣಿ ವೆನೀರ್ 10-15 ವರ್ಷ ಬಾಳುವುದು ಸಾಮಾನ್ಯ, ಇನ್ನೂ ಜಾಸ್ತಿ ಬಾಳಿದ್ದೂ ಇದೆ. ಅಷ್ಟಾದರೂ ಒಂದು ದಿನ ಬದಲಿಸಬೇಕಾಗುತ್ತದೆ. 31ನೇ ವಯಸ್ಸಲ್ಲಿ ಹಾಕಿಸಿದರೆ ಜೀವನದಲ್ಲಿ ಮತ್ತೆ ಮತ್ತೆ ಬದಲಿಸಬೇಕು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಿರ್ಧಾರ ಮಾಡಿ.

ಕಹಳೆ
ವೆನೀರ್ ಮೊದಲು ಶುರುವಾಗಿದ್ದು ಸಿನಿಮಾದವರಿಗೆ ಅಂತ ಕೇಳಿದ್ದೆ, ನಿಜವಾ?

ಲ್ಯಾಬ್ ಬೆಂಚು
ನಿಜ. ಹಾಲಿವುಡ್‌ನಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು 1930ರ ಆಸುಪಾಸು ನಟರಿಗೆ ಶೂಟಿಂಗ್ ಮಟ್ಟಿಗೆ ಹಾಕಿಕೊಡುತ್ತಿದ್ದರು. ಆಗ ಗಟ್ಟಿಯಾಗಿ ಅಂಟಿಸುವ ವಿಧಾನ ಇರಲಿಲ್ಲ. ಹಲ್ಲು ಸೆಟ್ ಕೂರಿಸುವ ಪುಡಿಯಲ್ಲಿ ಅಂಟಿಸಿ, ಶೂಟಿಂಗ್ ಮುಗಿದ ಮೇಲೆ ತೆಗೆಯುತ್ತಿದ್ದರು.

ಕಹಳೆ
ಕೇಳಿದ್ದಕ್ಕೆ ಕಾರಣ ಇದೆ. ನಾನು ಊದುವ ವಾದ್ಯ ನುಡಿಸುವವನು. ಮುಂದಿನ ಹಲ್ಲಿನ ಉದ್ದ ಒಂದಿಷ್ಟು ಬದಲಾದರೂ ತುಟಿ ಕೂರುವ ರೀತಿಯೇ ಬೇರೆಯಾಗುತ್ತದೆ. ನನ್ನ ಜೊತೆಯವರೊಬ್ಬರು ಹಲ್ಲು ಉದ್ದ ಮಾಡಿಸಿಕೊಂಡ ಮೇಲೆ ಸ್ವರ ಹಿಡಿಯಲು ಬಹಳ ಕಷ್ಟಪಟ್ಟರು. ಮಾತಲ್ಲೂ "ಫೋನ್" ಅನ್ನುವಾಗ ಹಲ್ಲು ತುಟಿಗೆ ತಾಗುವ ಜಾಗ ಬದಲಾಗಿತ್ತು. ಹಾಡುವವರು, ಪಾಠ ಮಾಡುವವರು, ದಿನವಿಡೀ ಮಾತಾಡುವ ಕೆಲಸದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಮೂರನೇ ಸಾಲು
ಕಹಳೆ ಅವರು ಹೇಳಿದ್ದು ಬಹಳ ಮುಖ್ಯ. ಅದಕ್ಕೆ ದಾರಿ ಇದೆ. ನನಗೆ ಮೊದಲು ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲಿನ ಆಕಾರ ಮಾಡಿ, ಅದರಿಂದ ತಾತ್ಕಾಲಿಕ ಹಲ್ಲನ್ನು ಬಾಯಲ್ಲಿ ಕೂರಿಸಿ ತೋರಿಸಿದರು. ಇನ್ನೂ ಏನೂ ತೇಯ್ದಿರಲಿಲ್ಲ. ಕನ್ನಡಿ ಮುಂದೆ ನಿಂತು ಮಾತಾಡಿದೆ, ನಕ್ಕೆ, ಮನೆಯವರಿಗೆ ತೋರಿಸಿದೆ. ತುದಿ ಉದ್ದವಾಯಿತು ಅನಿಸಿತು, ಕಡಿಮೆ ಮಾಡಿದರು. ಪರದೆ ಮೇಲಿನ ಫೋಟೋ ನೋಡಿ ಒಪ್ಪಿಕೊಳ್ಳಬೇಡಿ. ಬಾಯಲ್ಲಿ ಇಟ್ಟು ತೋರಿಸಿ ಅಂತ ಕೇಳಿ.

ಸುಮ್ನಿರಿ
ಸಂದು ಇದ್ದರೆ ಏನು? ಎಷ್ಟೋ ಜನಕ್ಕೆ ಅದೇ ಚೆಂದ. ಎಲ್ಲರೂ ಒಂದೇ ಅಚ್ಚಿನ ಹಲ್ಲು ಮಾಡಿಸಿಕೊಂಡರೆ ಯಾರ ನಗು ಯಾರದು ಅಂತಲೇ ಗೊತ್ತಾಗುವುದಿಲ್ಲ.

ಬೆಳ್ಳಿಗೆರೆ
ಸುಮ್ನಿರಿ ಅವರೇ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ ಮಾತ್ರ. ನನಗೆ ಮೇಲಿನ ಹಲ್ಲುಗಳ ತುಂಬಾ ಬಿಳಿ ಮಚ್ಚೆ, ಮಧ್ಯೆ ಕಂದು ಗೆರೆ. ಹಲ್ಲು ರೂಪುಗೊಳ್ಳುವ ವಯಸ್ಸಲ್ಲಿ ಫ್ಲೋರೈಡ್ ಜಾಸ್ತಿ ಹೋದರೆ ಹೀಗಾಗುತ್ತದೆ. "ಬ್ರಶ್ ಮಾಡೋದಿಲ್ವಾ?" ಅಂತ ಶಾಲೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ದಿನಕ್ಕೆರಡು ಸಲ ಬ್ರಶ್ ಮಾಡುವವಳಿಗೆ ಆ ಮಾತು ಎಷ್ಟು ನೋಯುತ್ತದೆ ಅಂತ ಕೇಳಿಸಿಕೊಂಡವರಿಗೇ ಗೊತ್ತು. ಇದ್ದ ಹಾಗೇ ಇರಿ ಅನ್ನುವುದು ಸುಲಭ. ನಗಲು ಬಿಟ್ಟವರಿಗೆ ಚಿಕಿತ್ಸೆ ಬೇಕು ಅನಿಸಿದರೆ ಅದರಲ್ಲಿ ಶೋಕಿ ಏನೂ ಇಲ್ಲ.

ನನಗೆ ವೆನೀರ್ ಹಾಕಲಿಲ್ಲ. ಮೊದಲು ಮೈಕ್ರೋಅಬ್ರೇಶನ್ ಮಾಡಿದರು, ಅಂದರೆ ಆಸಿಡ್ ಮತ್ತು ಪ್ಯೂಮಿಸ್ ಕಲ್ಲಿನ ನಯ ಪುಡಿ ಹಾಕಿ ಎನಾಮಲ್‌ನ ಅತಿ ತೆಳು ಪದರ ಉಜ್ಜಿ ತೆಗೆಯುವುದು. ಕಂದು ಹೋಯಿತು. ಆಮೇಲೆ ಟ್ರೇ ಬ್ಲೀಚಿಂಗ್. ಉಳಿದ ಬಿಳಿ ಮಚ್ಚೆಗೆ ರೆಸಿನ್ ಇಳಿಸಿದರು. ಮಚ್ಚೆಯ ಜಾಗದಲ್ಲಿ ಎನಾಮಲ್ ಒಳಗೆ ಸೂಕ್ಷ್ಮ ರಂಧ್ರಗಳಿರುತ್ತವೆ, ನೀರಿನಷ್ಟು ತೆಳುವಾದ ರೆಸಿನ್ ಅದರೊಳಗೆ ಇಳಿದರೆ ಬೆಳಕು ಪಕ್ಕದ ಎನಾಮಲ್‌ನಲ್ಲಿ ಹಾಯುವ ಹಾಗೇ ಹಾಯುತ್ತದೆ. ಕಣ್ಣೆದುರಿಗೇ ಮಚ್ಚೆ ಮಸುಕಾಯಿತು. ಒಂದು ಹಲ್ಲಿನಲ್ಲಿ ಇನ್ನೂ ಸ್ವಲ್ಪ ಕಾಣುತ್ತದೆ, ಆದರೆ ಈಗ ಅದು ನನ್ನ ಮನಸ್ಸಲ್ಲಿ ಇಲ್ಲ.

ಸುಮ್ನಿರಿ
ಬೆಳ್ಳಿಗೆರೆ ಅವರೇ, ಬೇಜಾರು ಮಾಡಿಸುವ ಉದ್ದೇಶ ಇರಲಿಲ್ಲ. ಬೇಕು ಅನಿಸಿದವರು ಮಾಡಿಸಲಿ. ಬೇಡ ಅನ್ನುವವರನ್ನು ಕುರ್ಚಿಯಲ್ಲಿ ಕೂರಿಸಿ ಬೇಕು ಅನಿಸುವ ಹಾಗೆ ಮಾಡುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ಬೆಳ್ಳಿಗೆರೆ
ಅದರ ಮೇಲೆ ನನಗೂ ಸಿಟ್ಟಿದೆ.

ನೆರಳು
ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್‌ನಿಂದ ಬಂದ ಕಲೆಗೂ ಇದೇ ಆಗುತ್ತಾ? ನನಗೆ ಚಿಕ್ಕಂದಿನಲ್ಲಿ ಆ ಮಾತ್ರೆ ಕೊಟ್ಟಿದ್ದರಂತೆ. ಹಲ್ಲಿನಲ್ಲಿ ಬೂದು ಪಟ್ಟಿಗಳಿವೆ.

ಹಲ್ಲಿನ ಡಾಕ್ಟರು
ನೆರಳು ಅವರೇ, ಅದು ಬೇರೆ. 8 ವರ್ಷದೊಳಗೆ ಆ ಔಷಧಿ ಕೊಟ್ಟರೆ ರೂಪುಗೊಳ್ಳುತ್ತಿರುವ ಹಲ್ಲಿನ ಡೆಂಟಿನ್‌ನಲ್ಲೇ ಬಣ್ಣ ಸೇರಿಕೊಳ್ಳುತ್ತದೆ. ಮೇಲಿನಿಂದ ಉಜ್ಜಿದರೆ ಹೋಗುವುದಿಲ್ಲ. ಟ್ರೇ ಬ್ಲೀಚಿಂಗ್ ತಿಂಗಳುಗಟ್ಟಲೆ ಮಾಡಿದರೆ ಹಳದಿ, ಕಂದು ಛಾಯೆಯಾದರೆ ಚೆನ್ನಾಗಿ ಇಳಿಯುತ್ತದೆ. ಗಾಢ ಬೂದು ಪಟ್ಟಿಯಾದರೆ, ಅದರಲ್ಲೂ ವಸಡಿನ ಹತ್ತಿರ, ಬಹಳ ಕಷ್ಟ. ಅಂಥವರಿಗೆ ವೆನೀರ್ ಹಾಕುವುದರಲ್ಲಿ ಅರ್ಥ ಇದೆ. ಆದರೂ ಮೊದಲು ಬ್ಲೀಚ್ ಮಾಡಿ ಆದಷ್ಟು ತಿಳಿ ಮಾಡಿಕೊಂಡರೆ ತೇಯುವುದು ಕಡಿಮೆಯಾಗುತ್ತದೆ.

ಇಬ್ಬರಮ್ಮ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸಂದಿನ ಮಾತು ಬಂತು ಅಂತ ಕೇಳುತ್ತೇನೆ. ನನ್ನ ಮಗನಿಗೆ 9 ವರ್ಷ. ಮುಂದಿನ ಎರಡು ಹಲ್ಲಿನ ನಡುವೆ ಸಂದು, ಹಲ್ಲು ಬೀಸಣಿಗೆ ಥರ ಹರಡಿಕೊಂಡಿವೆ. ಎರಡು ಹಲ್ಲಿಗೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಸೇರುತ್ತದೆ ಅಂತ ಒಂದು ವಿಡಿಯೋ ನೋಡಿದೆ. ಹಾಕಬಹುದಾ?

ಹಲ್ಲಿನ ಡಾಕ್ಟರು
ಇಬ್ಬರಮ್ಮ ಅವರೇ, ದಯವಿಟ್ಟು ಬೇಡ. ಖಂಡಿತ ಬೇಡ. ಹಲ್ಲಿನ ಬೇರು ಮೇಲೆ ಹೋದಂತೆ ಸಣ್ಣದಾಗುತ್ತದೆ, ಹಾಗಾಗಿ ರಬ್ಬರ್ ಬ್ಯಾಂಡ್ ಜಾರಿ ವಸಡಿನೊಳಗೆ ಹೋಗುತ್ತದೆ. ಬಿದ್ದುಹೋಯಿತು ಅಂದುಕೊಂಡು ಸುಮ್ಮನಿರುತ್ತಾರೆ. ಅದು ಒಳಗೆ ಬೇರಿನ ಸುತ್ತಲಿನ ಮೂಳೆ ತಿನ್ನುತ್ತಾ ಮೇಲೇರುತ್ತದೆ. ಹಲ್ಲು ಅಲ್ಲಾಡುತ್ತದೆ, ಕೊನೆಗೆ ಎರಡೂ ಹಲ್ಲು ಕಳೆದುಕೊಂಡ ಮಕ್ಕಳಿದ್ದಾರೆ. ದಂತವೈದ್ಯರ ಪುಸ್ತಕಗಳಲ್ಲಿ ಇದು ದಾಖಲಾಗಿದೆ.

ಆ ವಯಸ್ಸಲ್ಲಿ ಸಂದು ಇರುವುದು ಸಹಜ. ಮೇಲಿನ ಕೋರೆಹಲ್ಲು ಇಳಿದು ಬರುವಾಗ ಪಕ್ಕದ ಬೇರುಗಳನ್ನು ಒತ್ತುತ್ತವೆ, ಹಲ್ಲು ಹರಡುತ್ತದೆ. 11-12 ವರ್ಷಕ್ಕೆ ಕೋರೆಹಲ್ಲು ಪೂರ್ತಿ ಬಂದ ಮೇಲೆ ಬಹಳ ಮಕ್ಕಳಿಗೆ ತಾನಾಗಿ ಸೇರಿಕೊಳ್ಳುತ್ತದೆ. ಆಮೇಲೂ ಉಳಿದರೆ ತುಟಿಯಿಂದ ಬರುವ ಚರ್ಮದ ಎಳೆ ದಪ್ಪ ಇದೆಯಾ, ನಡುವೆ ಹೆಚ್ಚಿನ ಹಲ್ಲು ಹುದುಗಿದೆಯಾ ಅಂತ ನೋಡಬೇಕು. ಈಗ ಒಮ್ಮೆ ತೋರಿಸಿ, ಅಷ್ಟು ಸಾಕು.

ಇಬ್ಬರಮ್ಮ
ಸದ್ಯ ಕೇಳಿದೆ. ಆ ವಿಡಿಯೋ ಕಳಿಸಿದ ಅಕ್ಕನಿಗೂ ಇದನ್ನೇ ಕಳಿಸುತ್ತೇನೆ. ದೊಡ್ಡವಳಿಗೆ 15, ಅವಳಿಗೆ ಬ್ಲೀಚಿಂಗ್ ಮಾಡಿಸಬೇಕಂತೆ.

ಬೆಳ್ಳಿಗೆರೆ
ಯುರೋಪಿಯನ್ ಒಕ್ಕೂಟದಲ್ಲಿ 2012ರಿಂದ ನಿಯಮವೇ ಇದೆ. 0.1%ಕ್ಕಿಂತ ಜಾಸ್ತಿ, 6%ವರೆಗಿನ ಹೈಡ್ರೋಜನ್ ಪೆರಾಕ್ಸೈಡ್ ಇರುವುದನ್ನು ದಂತವೈದ್ಯರ ಮೂಲಕವೇ ಕೊಡಬೇಕು, 18ರ ಒಳಗಿನವರಿಗೆ ಕೊಡುವ ಹಾಗಿಲ್ಲ. ಮಗಳಿಗೆ ಸ್ವಲ್ಪ ಕಾಯಲು ಹೇಳಿ ಅಕ್ಕ. ಕ್ಲೀನಿಂಗ್ ಮಾಡಿಸಿದರೆ ಅರ್ಧ ಹಳದಿ ಅಲ್ಲೇ ಹೋಗಬಹುದು.

ಗರಗಸ
ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ. ನಮ್ಮ ಮಾವನಿಗೆ ಆಯಿತು.

ಲ್ಯಾಬ್ ಬೆಂಚು
ಪಾಚಿ ಗಟ್ಟಿಯಾಗಿ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ, ಅದು ಹೋದಾಗ ಮೊದಲೇ ಸಡಿಲ ಇದ್ದ ಹಲ್ಲು ಅಲ್ಲಾಡುವುದು ಗೊತ್ತಾಗುತ್ತದೆ. ಸಡಿಲ ಮಾಡಿದ್ದು ಪಾಚಿ ಮತ್ತು ವಸಡಿನ ರೋಗ, ಕ್ಲೀನಿಂಗ್ ಅಲ್ಲ. ಮಾವನವರಿಗೆ ವಸಡಿನ ಚಿಕಿತ್ಸೆ ಕೊಡಿಸಿ.

ಗರಗಸ
ಸರಿ, ಅದನ್ನು ಕೇಳಿ ನೋಡುತ್ತೇನೆ. ನಿಂಬೆ ವಿಷಯ ಮಾತ್ರ ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ತುಟಿಯಂಚು
ವಸಡು ಜಾಸ್ತಿ ಕಾಣುವವರ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ನಕ್ಕರೆ ಹಲ್ಲಿಗಿಂತ ವಸಡೇ ಜಾಸ್ತಿ ಕಾಣುತ್ತದೆ. ಲೇಸರ್‌ನಲ್ಲಿ ವಸಡು ಕತ್ತರಿಸಿದರೆ ಆಯಿತು ಅಂತ ಒಬ್ಬರು ಹೇಳಿದರು.

ಹಲ್ಲಿನ ಡಾಕ್ಟರು
ಕಾರಣ ನೋಡದೆ ಕತ್ತರಿಸಬಾರದು. ಕೆಲವರಿಗೆ ವಸಡು ಹಲ್ಲಿನ ಮೇಲೆ ಜಾಸ್ತಿ ಇಳಿದಿರುತ್ತದೆ, ಹಲ್ಲು ಚಿಕ್ಕದಾಗಿ ಚೌಕವಾಗಿ ಕಾಣುತ್ತದೆ. ಅವರಿಗೆ ವಸಡಿನ ಅಂಚು ತಿದ್ದಿದರೆ ಚೆನ್ನಾಗಿ ಆಗುತ್ತದೆ. ಆದರೆ ಮೂಳೆಯ ಅಂಚಿಗೂ ವಸಡು ಅಂಟಿಕೊಳ್ಳುವ ಜಾಗಕ್ಕೂ ಸುಮಾರು 2 ಮಿಲಿಮೀಟರ್ ಬೇಕು. ಅದನ್ನು ಅಳೆಯದೆ ಕತ್ತರಿಸಿದರೆ ವಸಡು ಮತ್ತೆ ಬೆಳೆಯುತ್ತದೆ, ಇಲ್ಲವೇ ಸದಾ ಕೆಂಪಾಗಿ ಊದಿರುತ್ತದೆ. ಕೆಲವರಿಗೆ ಮೂಳೆಯನ್ನೂ ಸ್ವಲ್ಪ ತಿದ್ದಬೇಕಾಗುತ್ತದೆ. ಇನ್ನು ಕೆಲವರಿಗೆ ಹಲ್ಲು, ವಸಡು ಸರಿಯೇ ಇರುತ್ತದೆ, ಮೇಲ್ತುಟಿ ನಗುವಾಗ ಜಾಸ್ತಿ ಮೇಲೆ ಹೋಗುತ್ತದೆ. ಅದಕ್ಕೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಡುತ್ತಾರೆ, ಕೆಲವೇ ತಿಂಗಳು ಇರುತ್ತದೆ. ಮೇಲ್ದವಡೆಯ ಮೂಳೆಯೇ ಉದ್ದವಿದ್ದರೆ ದವಡೆಯ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನಿಮ್ಮದು ಇದರಲ್ಲಿ ಯಾವುದು ಅಂತ ವಸಡಿನ ತಜ್ಞರೇ ಹೇಳಬೇಕು.

ಸಂಪಿಗೆ
ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬಂದೆ. ಎಕ್ಸ್‌ರೇ ತೆಗೆದರು. ರೂಟ್ ಕೆನಾಲ್ ಚೆನ್ನಾಗಿದೆ, ಸೋಂಕು ಇಲ್ಲ. ಒಳಗಿನಿಂದ ಬ್ಲೀಚ್, ಆಮೇಲೆ ಟ್ರೇ, ಕೊನೆಗೆ ಸಂದಿಗೆ ಕಾಂಪೊಸಿಟ್ ಬಾಂಡಿಂಗ್ ಎಂದರು. ಬ್ಲೀಚ್ ಮುಗಿದ ಕೂಡಲೇ ಬಾಂಡಿಂಗ್ ಮಾಡುವುದಿಲ್ಲ, ಎರಡು ವಾರ ಕಾಯಬೇಕು ಎಂದರು. ಯಾಕೆ? ಮತ್ತೆ ಬಾಂಡಿಂಗ್ ಎಷ್ಟು ಕಾಲ ಇರುತ್ತದೆ?

ಹಲ್ಲಿನ ಡಾಕ್ಟರು
ಬಹಳ ಸಂತೋಷ. ಕಾಯುವುದಕ್ಕೆ ಎರಡು ಕಾರಣ. ಪೆರಾಕ್ಸೈಡ್‌ನಿಂದ ಬಂದ ಆಮ್ಲಜನಕ ಹಲ್ಲಿನಲ್ಲಿ ಸ್ವಲ್ಪ ದಿನ ಉಳಿದಿರುತ್ತದೆ, ಅದು ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ, ಬಾಂಡಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಎರಡನೆಯದು, ಬಣ್ಣ ಸ್ಥಿರವಾಗಬೇಕು. ಕಾಂಪೊಸಿಟ್ ಬಣ್ಣವನ್ನು ಆ ಸ್ಥಿರ ಬಣ್ಣಕ್ಕೇ ಹೊಂದಿಸುವುದು. ಯಾಕೆಂದರೆ ಕಾಂಪೊಸಿಟ್, ಪಿಂಗಾಣಿ ಯಾವುದೂ ಮುಂದೆ ಬ್ಲೀಚ್ ಆಗುವುದಿಲ್ಲ.

ಬಾಂಡಿಂಗ್ ಸಾಮಾನ್ಯವಾಗಿ 5 ವರ್ಷದ ಆಸುಪಾಸು, ನೋಡಿಕೊಂಡರೆ ಜಾಸ್ತಿ. ಕಾಫಿ, ಟೀ, ಸಿಗರೇಟಿನಿಂದ ಅಂಚು ಕಲೆ ಹಿಡಿಯುತ್ತದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ಚೂರು ಮುರಿದರೆ ಅಲ್ಲೇ ಕೂತು ಅರ್ಧ ಗಂಟೆಯಲ್ಲಿ ಸರಿ ಮಾಡಬಹುದು. ಪಿಂಗಾಣಿಯಲ್ಲಿ ಆ ಸೌಲಭ್ಯ ಇಲ್ಲ. ಉಗುರು ಕಚ್ಚುವುದು, ಪೆನ್ನು ಕಚ್ಚುವುದು ಇದ್ದರೆ ಬಿಡಬೇಕು.

ನಿದ್ದೆಗೆಟ್ಟವನು
ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೂ ಹೇಳಿ ಸಂಪಿಗೆ ಅವರೇ. ಬಾಂಡಿಂಗ್ ಇರಲಿ, ವೆನೀರ್ ಇರಲಿ, ಹಲ್ಲು ಕಡಿದರೆ ಚೂರು ಎದ್ದೇ ಏಳುತ್ತದೆ. ನನಗೆ ಮೊದಲು ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ರಕ್ಷಣೆಯ ಕವಚ) ಮಾಡಿಕೊಟ್ಟು, ಆಮೇಲೆ ಮುಂದಿನ ಹಲ್ಲಿನ ಕೆಲಸ ಶುರು ಮಾಡಿದರು.

ಬಿಸಿನೀರು
ಸಂದಿಗೆ ಅಲೈನರ್ (ಹಲ್ಲನ್ನು ನಿಧಾನಕ್ಕೆ ಸರಿಸುವ ಪ್ಲಾಸ್ಟಿಕ್ ಟ್ರೇ) ಯಾಕೆ ಯಾರೂ ಹೇಳುತ್ತಿಲ್ಲ? ಹಲ್ಲಿಗೆ ಏನೂ ಸೇರಿಸದೆ, ಏನೂ ತೇಯದೆ ಸಂದು ಮುಚ್ಚಬಹುದು.

ಕೋರೆಹಲ್ಲು
ಮುಚ್ಚಬಹುದು, ಆದರೆ ದಿನಕ್ಕೆ 20-22 ಗಂಟೆ ಹಾಕಿಕೊಂಡಿರಬೇಕು. ನಾನು ಹಾಕಿದ್ದೆ. ಊಟಕ್ಕೆ ತೆಗೆ, ಬ್ರಶ್ ಮಾಡು, ಮತ್ತೆ ಹಾಕು. ಕೆಲವು ಹಲ್ಲಿನ ಮೇಲೆ ಹಿಡಿತಕ್ಕೆ ಸಣ್ಣ ಗುಬ್ಬಿ ಥರ ಕಾಂಪೊಸಿಟ್ ಅಂಟಿಸುತ್ತಾರೆ. ಹಲ್ಲು ಒತ್ತೊತ್ತಾಗಿದ್ದವರಿಗೆ ಹಲ್ಲಿನ ನಡುವೆ ಸ್ವಲ್ಪ ತೇಯುವುದೂ ಉಂಟು, ಹಾಗಾಗಿ ಏನೂ ತೇಯುವುದಿಲ್ಲ ಅನ್ನುವುದು ಎಲ್ಲರಿಗೂ ಸರಿಯಲ್ಲ. ಮುಗಿದ ಮೇಲೆ ಹಲ್ಲು ವಾಪಸ್ ಸರಿಯದಂತೆ ಹಿಡಿದಿಡುವ ರಿಟೇನರ್ ಬಿಡುವ ಹಾಗಿಲ್ಲ. ಅದರಲ್ಲೂ ಮುಂದಿನ ಹಲ್ಲಿನ ಸಂದು ಮತ್ತೆ ತೆರೆದುಕೊಳ್ಳುವುದು ಜಾಸ್ತಿ.

ಹಲ್ಲಿನ ಡಾಕ್ಟರು
ಕೋರೆಹಲ್ಲು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಂದು ದೊಡ್ಡದಿದ್ದರೆ ಬಾಂಡಿಂಗ್ ಒಂದರಿಂದಲೇ ಮುಚ್ಚಿದಾಗ ಎರಡು ಹಲ್ಲೂ ಅಗಲವಾಗಿ ಕಾಣುತ್ತವೆ. ಆಗ ಮೊದಲು ಅಲೈನರ್‌ನಲ್ಲೋ ಕ್ಲಿಪ್‌ನಲ್ಲೋ ಹತ್ತಿರ ತಂದು ಆಮೇಲೆ ಸ್ವಲ್ಪ ಬಾಂಡಿಂಗ್ ಮಾಡುವುದು ಒಳ್ಳೆಯದು. ಸಣ್ಣ ಸಂದಾದರೆ ಬಾಂಡಿಂಗ್ ಸಾಕು.

ಸಂಪಿಗೆ
ನನ್ನದು ಒಂದು ಮಿಲಿಮೀಟರ್ ಕೂಡ ಇಲ್ಲವಂತೆ. ಹಾಗಾದರೆ ಬಾಂಡಿಂಗ್‌ಗೇ ಹೋಗುತ್ತೇನೆ. ಎಲ್ಲರಿಗೂ ಧನ್ಯವಾದ, ಮುಗಿದ ಮೇಲೆ ಬರೆಯುತ್ತೇನೆ.

ಬಿಸಿನೀರು
ಸರಿ, ಅಲೈನರ್ ವಿಷಯ ಬಂತಲ್ಲ, ನಂದೊಂದು ಪ್ರಶ್ನೆ. ರಿಟೇನರ್ ವಾಸನೆ ಬರುತ್ತಿದೆ. ಬಿಸಿ ನೀರಲ್ಲಿ ಕುದಿಸಬಹುದಾ?

ಕೋರೆಹಲ್ಲು
ಬೇಡ! ಬಿಸಿ ನೀರಲ್ಲಿ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಆಮೇಲೆ ಹಲ್ಲಿಗೆ ಕೂರುವುದಿಲ್ಲ. ತಣ್ಣೀರು, ಮೆತ್ತನೆಯ ಬ್ರಶ್, ಒಂದು ಹನಿ ಸೋಪು ಸಾಕು. ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಗೀರು ಬಿದ್ದು ಆ ಗೀರಿನಲ್ಲೇ ವಾಸನೆ ಕೂರುತ್ತದೆ. ಒಣಗಿದ ಮೇಲೆ ಗಾಳಿ ಆಡುವ ಡಬ್ಬಿಯಲ್ಲಿಡಿ.

ಬಿಸಿನೀರು
ಇಷ್ಟು ದಿನ ಪೇಸ್ಟ್ ಹಾಕಿಯೇ ಉಜ್ಜುತ್ತಿದ್ದೆ, ಗೀರು ಬಿದ್ದಿರುವುದು ಕಾಣುತ್ತಿದೆ. ಹೊಸದು ಮಾಡಿಸಬೇಕಾ?

ಕೋರೆಹಲ್ಲು
ಸರಿಯಾಗಿ ಕೂರುತ್ತಿದ್ದರೆ, ಬಿರುಕಿಲ್ಲದಿದ್ದರೆ ಸದ್ಯಕ್ಕೆ ಅದೇ ಹಾಕಿಕೊಳ್ಳಿ. ಮುಂದಿನ ಸಲ ಚೆಕಪ್‌ಗೆ ಹೋಗುವಾಗ ರಿಟೇನರ್ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.